ನಾಬ್ ಅರ್ಧಕ್ಕೇ ಇದೆ ಸಾರ್!

ಗಣೇಶನ ಹಬ್ಬ ಬಂತು ಅಂದ್ರೆ ಪೆಂಡಾಲಿನ ಪಕ್ಕ ಈ ಮಾತುಕತೆ ಗ್ಯಾರಂಟಿ. "ಏನಪ್ಪಾ, ಸ್ವಲ್ಪ ಕಮ್ಮಿ ಮಾಡು, ಮನೇಲಿ ವಯಸ್ಸಾದವರಿದ್ದಾರೆ." "ಸಾರ್, ಇನ್ನೂ ಅರ್ಧಕ್ಕೇ ಇಟ್ಟಿದೀನಿ, ನೀವೇ ನೋಡಿ!"

ಹುಡುಗ ಸುಳ್ಳು ಹೇಳ್ತಿಲ್ಲ. ಆಂಪ್ಲಿಫೈಯರ್ ನಾಬ್ ನಿಜವಾಗಲೂ ಅರ್ಧಕ್ಕೇ ಇರುತ್ತೆ. ಆದರೆ ಸ್ವಾಮಿ, ಆ ನಾಬ್ ಪವರ್ ತೋರಿಸೋ ಮೀಟರ್ ಅಲ್ಲವೇ ಅಲ್ಲ.

ಗೇನ್ ಅಂದರೆ ಒಳಗೆ ಬಂದ ವೋಲ್ಟೇಜನ್ನು ಎಷ್ಟು ಪಟ್ಟು ಹೆಚ್ಚಿಸಿ ಹೊರಗೆ ಕಳಿಸಬೇಕು ಅನ್ನೋ ಲೆಕ್ಕ, ಅಷ್ಟೇ. ಗೇನ್ 30 ಇದೆ ಅಂತಿಟ್ಕೊಳ್ಳಿ. ಮಿಕ್ಸರ್ 0.1 ವೋಲ್ಟ್ ಕೊಟ್ಟರೆ ಹೊರಗೆ ಬರೋದು 3 ವೋಲ್ಟ್. 8 ಓಮ್ ಸ್ಪೀಕರಿಗೆ ಸಿಗೋದು 1 ವ್ಯಾಟ್ ಚಿಲ್ಲರೆ. ಅದೇ ಮಿಕ್ಸರ್ 1 ವೋಲ್ಟ್ ಕೊಟ್ಟರೆ? ಹೊರಗೆ 30 ವೋಲ್ಟ್, 112 ವ್ಯಾಟ್! ನಾಬ್ ಕದಲೇ ಇಲ್ಲ. ವೋಲ್ಟೇಜ್ 10 ಪಟ್ಟಾದರೆ ಪವರ್ 100 ಪಟ್ಟು. ಹಾಗಾಗಿ ಸಿಗ್ನಲ್ ಜೋರಾಗಿದ್ದರೆ ಅರ್ಧ ನಾಬಿನಲ್ಲೇ ಆಂಪ್ಲಿಫೈಯರ್ ತನ್ನ ತಾಕತ್ತಿನ ತುದಿ ಮುಟ್ಟಿರುತ್ತೆ. ಇನ್ನೂ ತಿರುಗಿಸಿದಿರೋ, ಅಲೆಯ ನೆತ್ತಿಯೇ ಕತ್ತರಿಸಿ ಹೋಗುತ್ತೆ. ಇದಕ್ಕೆ ಕ್ಲಿಪ್ಪಿಂಗ್ ಅಂತಾರೆ. ಹಾಡು ಒಡೆದು ಕೇಳಿಸುತ್ತೆ, ಟ್ವೀಟರ್ ಸುಟ್ಟುಹೋಗಬಹುದು. ಬಾಡಿಗೆಗೆ ಕೊಟ್ಟವನು ತಲೆ ಮೇಲೆ ಕೈ ಹೊತ್ತು ಕೂರ್ತಾನೆ, ಪಾಪ.

ಇನ್ನೊಂದು ಭ್ರಮೆ ಇದೆ. ಪಕ್ಕದ ಬೀದಿಯವರು 500 ವ್ಯಾಟ್ ತಂದರು, ನಾವು 1000 ತರೋಣ, ಡಬಲ್ ಸೌಂಡ್! ಆಗಲ್ಲ. ನಮ್ಮ ಕಿವಿ ವ್ಯಾಟ್ ಎಣಿಸಲ್ಲ. ಪವರ್ ಎರಡು ಪಟ್ಟಾದರೆ ಹೆಚ್ಚೋದು ಬರೀ 3 ಡೆಸಿಬಲ್. "ಸ್ವಲ್ಪ ಜಾಸ್ತಿ ಆಯ್ತೇನೋ" ಅನ್ನಿಸುತ್ತೆ, ಅಷ್ಟೆ. ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅಂದರೆ 10 ಪಟ್ಟು ಪವರ್. 500ಕ್ಕೆ ಪೈಪೋಟಿ 5000!

ಆದರೆ ಅಸಲಿ ಅಪಾಯ ಇರೋದು ಗೊತ್ತೇ ಆಗದ ಆ 3 ಡೆಸಿಬಲ್‌ನಲ್ಲಿ. ಕೆಲಸದ ಜಾಗದ ಆರೋಗ್ಯ ನೋಡಿಕೊಳ್ಳೋ ಅಮೆರಿಕದ ನಿಯೋಶ್ ಸಂಸ್ಥೆಯ ಶಿಫಾರಸು ನೋಡಿ: 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅದರ ಮೇಲೆ ಪ್ರತಿ 3 ಡೆಸಿಬಲ್ಲಿಗೂ ಸಮಯ ಅರ್ಧ ಮಾಡಿಕೊಳ್ಳಿ. 88ಕ್ಕೆ 4 ಗಂಟೆ. 100ಕ್ಕೆ? ಕೇವಲ 15 ನಿಮಿಷ! ಒಳಗಿವಿಯ ಕೂದಲಿನಂಥ ಜೀವಕೋಶಗಳು ಸತ್ತರೆ ಮತ್ತೆ ಹುಟ್ಟಲ್ಲ. ಬಾಕ್ಸ್ ಎದುರು ಅಪ್ಪನ ಹೆಗಲೇರಿ ಕೂತ ಮಗುವಿಗೂ ಇದೇ ಲೆಕ್ಕ.

2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಅಂತ ಮಿತಿ ಹಾಕಿವೆ. ಅಲ್ಲಿ ವ್ಯಾಟ್ ಲೆಕ್ಕವೂ ಇಲ್ಲ, ನಾಬ್ ಲೆಕ್ಕವೂ ಇಲ್ಲ.

ಹಾಗಾಗಿ "ಅರ್ಧಕ್ಕೇ ಇದೆ ಸಾರ್" ಅಂದಾಗ ಜಗಳಕ್ಕೆ ನಿಲ್ಲಬೇಡಿ. ಮಿಕ್ಸರಿನ ಫೇಡರ್ ತೋರಿಸಿ, "10 ಡೆಸಿಬಲ್ ಇಳಿಸಪ್ಪಾ" ಅನ್ನಿ. ಸ್ಪೀಕರಿಗೆ ಹೋಗೋ ಪವರ್ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತೆ, ಹಾಡು ಮಾತ್ರ ಅರ್ಧದಷ್ಟು ಜೋರಾಗಿ ಕೇಳ್ತಾನೇ ಇರುತ್ತೆ. ಕುಣಿಯೋರಿಗೆ ಅಷ್ಟು ಸಾಕಲ್ವಾ?