ಐವತ್ತರ ನಂತರ ಎಲ್‌ಎಲ್.ಬಿ.: ನೌಕರಿಯಲ್ಲಿರುವವರು ತಿಳಿಯಬೇಕಾದುದು

ಹಗಲು ಹೊಟೇಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದ ತುಳು-ಕನ್ನಡಿಗರ ಕಥೆ ಮುಂಬಯಿಯ ನಮ್ಮ ಸಂಘ-ಸಂಸ್ಥೆಗಳ ವೇದಿಕೆಗಳಲ್ಲಿ ಆಗಾಗ ಕೇಳಿಬರುತ್ತದೆ. ನಾನೂ ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ಬ್ಯಾಂಕಿನ ಕೌಂಟರ್ ಹಿಂದೆ ಕುಳಿತವನು. ಈಗ ನನ್ನ ಓರಗೆಯವರಲ್ಲಿ ಹಲವರು, ಮಕ್ಕಳ ವಿದ್ಯಾಭ್ಯಾಸ ಮುಗಿಸಿ, ತಾವೇ ಮತ್ತೆ ಕಾಲೇಜು ಸೇರಿ ವಕೀಲರಾಗುವ ಮಾತಾಡುತ್ತಿದ್ದಾರೆ.

ಬ್ಯಾಂಕಿನವರಿಗೆ ಈ ಆಸೆ ಸಹಜವೇ. ಚೆಕ್ ಬೌನ್ಸ್ ಆದರೆ 30 ದಿನದೊಳಗೆ ನೋಟೀಸು, ಹಣ ಕಟ್ಟಲು 15 ದಿನದ ಅವಕಾಶ ಎಂಬ 138ನೇ ಕಲಮಿನ ಲೆಕ್ಕ ನಮಗೆ ಬಾಯಿಪಾಠ. 2002ರ ಸರ್ಫೇಸಿ ಕಾಯ್ದೆಯ 60 ದಿನಗಳ ನೋಟೀಸನ್ನು ನಮ್ಮ ಕೈಯಾರೆ ಟೈಪು ಮಾಡಿದ್ದೇವೆ. ಕಿರಿಯ ವಕೀಲರು ಪುಸ್ತಕದಲ್ಲಿ ಓದುವುದು ನಮ್ಮ ಮೇಜಿನ ಮೇಲೆ ಫೈಲಾಗಿ ಬಿದ್ದಿರುತ್ತದೆ.

ವಯಸ್ಸಿನ ಅಂಜಿಕೆ ಬೇಡ. 45 ವರ್ಷ ತುಂಬಿದವರನ್ನು ವಕೀಲರಾಗಿ ನೋಂದಾಯಿಸಬಾರದೆಂದು ಭಾರತೀಯ ವಕೀಲರ ಪರಿಷತ್ತು 1993ರಲ್ಲಿ ಮಾಡಿದ್ದ ನಿಯಮವನ್ನು ಸುಪ್ರೀಂ ಕೋರ್ಟ್ 1995ರಲ್ಲಿ ರದ್ದುಪಡಿಸಿತು. ಮೂರು ವರ್ಷದ ಎಲ್‌ಎಲ್.ಬಿ. ಪ್ರವೇಶಕ್ಕೆ 2008ರಲ್ಲಿ ಬಂದ 30 ವರ್ಷದ ಮಿತಿಯೂ ನ್ಯಾಯಾಲಯದ ಮೆಟ್ಟಿಲೇರಿ, 2017ರಲ್ಲಿ ಅದಕ್ಕೆ ತಡೆ ಬಿತ್ತು. ಪದವಿಯಲ್ಲಿ ಶೇ. 45 ಅಂಕ ಇರಬೇಕು (ಪರಿಶಿಷ್ಟರಿಗೆ ಶೇ. 40). ಸಂಜೆ ಕಾಲೇಜಿನವರು ಹಳೆಯ ಅಂಕಪಟ್ಟಿಯನ್ನು ಒಮ್ಮೆ ಹುಡುಕಿ ನೋಡುವುದು ಒಳ್ಳೆಯದು. ಮಹಾರಾಷ್ಟ್ರದಲ್ಲಿ ಸಿಇಟಿಯನ್ನೂ ಬರೆಯಬೇಕು.

ನಿಜವಾದ ತೊಡಕು ಗಡಿಯಾರದ್ದು. 2008ರ ನಿಯಮಾವಳಿಯ ಪ್ರಕಾರ ಕಾನೂನು ತರಗತಿಗಳು ಬೆಳಿಗ್ಗೆ 8ರಿಂದ ಸಂಜೆ 7ರ ನಡುವೆ ನಡೆಯಬೇಕು, ವಾರಕ್ಕೆ ಕನಿಷ್ಠ 30 ಗಂಟೆ. ಎಂದರೆ ದಿನಕ್ಕೆ ಐದು ತಾಸು. ಡೊಂಬಿವಲಿಯಿಂದಲೋ ವಿರಾರಿನಿಂದಲೋ ಲೋಕಲ್ ಹಿಡಿದು ಹತ್ತು ಗಂಟೆಗೆ ಹಾಜರಿ ಹಾಕುವವನಿಗೆ ಇದು ಹೇಗೆ ಸಾಧ್ಯ? ಅಂಚೆ ಮೂಲಕ ಪಡೆದ ಎಲ್‌ಎಲ್.ಬಿ.ಗೆ ವಕೀಲರ ಪರಿಷತ್ತಿನ ಮಾನ್ಯತೆಯಿಲ್ಲ. ನಮ್ಮನ್ನು ಮೇಲಕ್ಕೆತ್ತಿದ ರಾತ್ರಿ ಕಾಲೇಜಿನ ದಾರಿ ಕರಿ ಕೋಟಿನವರೆಗೆ ಹೋಗುವುದಿಲ್ಲ ಎಂಬುದು ಬೇಸರದ ಸಂಗತಿಯೇ. ಶಿಕ್ಷಣದ ಗುಣಮಟ್ಟಕ್ಕಾಗಿ ಎಂದು ಸಮರ್ಥಿಸುವವರಿದ್ದಾರೆ. ಹಗಲಲ್ಲಿ ದುಡಿಯುವವನ ಕಲಿಕೆ ಕಳಪೆ ಎಂಬುದನ್ನು ನಾನಂತೂ ಒಪ್ಪಲಾರೆ.

ಸುಳ್ಳು ಹಾಜರಿ ಹಾಕಿಸಿ ಪದವಿ ಕೊಡಿಸುತ್ತೇವೆನ್ನುವ ಏಜೆಂಟರ ಬಲೆಗೆ ಮಾತ್ರ ಬೀಳಬೇಡಿ. ವಿದ್ಯಾರ್ಥಿಯು ನೌಕರಿಯಲ್ಲಿದ್ದರೆ ಅದನ್ನು ಘೋಷಿಸಬೇಕೆಂದೂ ಬಯೋಮೆಟ್ರಿಕ್ ಹಾಜರಿ ಇರಬೇಕೆಂದೂ ಪರಿಷತ್ತು 2024ರಲ್ಲಿ ಸೂಚಿಸಿದೆ. ನಾಳೆ ನೋಂದಣಿಯ ವೇಳೆ ಪ್ರಶ್ನೆ ಬಂದರೆ ಮೂರು ವರ್ಷದ ಶ್ರಮ ನೀರುಪಾಲು.

ಹಾಗಾದರೆ ದಾರಿ? ಪಿಂಚಣಿ ಯೋಜನೆಯಲ್ಲಿರುವ ಬ್ಯಾಂಕ್ ನೌಕರರು 20 ವರ್ಷ ಅರ್ಹ ಸೇವೆಯ ನಂತರ ಮೂರು ತಿಂಗಳ ನೋಟೀಸು ಕೊಟ್ಟು ಸ್ವಯಂನಿವೃತ್ತಿ ಪಡೆಯಬಹುದು. ಹೇಗೂ ಪೂರ್ಣಾವಧಿ ಸಂಬಳದ ನೌಕರಿಯಲ್ಲಿರುವಷ್ಟು ಕಾಲ ವಕೀಲಿ ಮಾಡುವಂತಿಲ್ಲ. ಆದರೆ ಲೆಕ್ಕ ಹಾಕುವಾಗ ಮೂರು ವರ್ಷದ ಓದಿನ ಜತೆ, ಹಿರಿಯ ವಕೀಲರ ಕೈಕೆಳಗೆ ಹೆಚ್ಚಿನ ಆದಾಯವಿಲ್ಲದೆ ಕಳೆಯುವ ಎರಡು-ಮೂರು ವರ್ಷವನ್ನೂ ಸೇರಿಸಿ. ಮನೆ ಸಾಲದ ಕಂತು ಬಾಕಿ ಇದ್ದವರು 60ರವರೆಗೆ ಕಾಯುವುದೇ ಲೇಸು. ಈ ಲೆಕ್ಕವನ್ನು ಮನೆಯಾಕೆಯ ಎದುರು ಕೂತೇ ಮಾಡಬೇಕು, ಏಕೆಂದರೆ ಕೊರತೆ ಬಿದ್ದಾಗ ತುಂಬಿಸುವವರು ಅವರೇ.

ನೋಂದಣಿ ಶುಲ್ಕದ ಹೊರೆ ಈಗ ಇಳಿದಿದೆ. ಹಲವು ರಾಜ್ಯಗಳಲ್ಲಿ ಸಾವಿರಾರು ರೂಪಾಯಿ ವಸೂಲಾಗುತ್ತಿದ್ದುದನ್ನು ಸುಪ್ರೀಂ ಕೋರ್ಟ್ 2024ರ ಜುಲೈಯಲ್ಲಿ 750 ರೂಪಾಯಿಗೆ (ಪರಿಶಿಷ್ಟರಿಗೆ 125) ಮಿತಿಗೊಳಿಸಿತು. ಆನಂತರ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗಬೇಕು.

54ರಲ್ಲಿ ನೌಕರಿ ಬಿಟ್ಟು ಕಾಲೇಜು ಸೇರಿದ ಪರಿಚಿತರೊಬ್ಬರಿಗೆ ಓದು ಕಷ್ಟವಾಗಲಿಲ್ಲವಂತೆ. ವರ್ಷಗಟ್ಟಲೆ ಕಂಪ್ಯೂಟರಿನ ಕೀಲಿ ಒತ್ತಿದ ಬೆರಳುಗಳು ಮೂರು ತಾಸು ಪೆನ್ನು ಹಿಡಿಯಲು ಒಪ್ಪಲಿಲ್ಲ. ದಿನಾ ಮುಂಜಾನೆ ನಾಲ್ಕು ಪುಟ ಕೈಬರಹ ರೂಢಿಸಿಕೊಂಡರು. ಪ್ರತಿಭಾವಂತ ಮಕ್ಕಳನ್ನು ವರ್ಷವರ್ಷ ಪುರಸ್ಕರಿಸುವ ನಮ್ಮ ಸಂಘಗಳು ಇಂಥವರಿಗೆ ಶಾಲು ಹೊದಿಸದಿದ್ದರೂ ಚಿಂತೆಯಿಲ್ಲ, ಸಂಘದ ಕಚೇರಿಯ ಒಂದು ಮೇಜನ್ನು ಬೆಳಿಗ್ಗೆ ಆರರಿಂದ ಎಂಟರವರೆಗೆ ಓದಲು ಬಿಟ್ಟುಕೊಡಲಿ. ಒಂದೂವರೆ ಕೋಣೆಯ ಮನೆಯಲ್ಲಿ ಆ ಹೊತ್ತಿಗೆ ಕುಕ್ಕರ್ ಕೂಗುತ್ತಿರುತ್ತದೆ.