ಆದಾಮನಿಗೂ ಮುಂಚಿನ ಸಮಾಧಿಯೇ?

ನವೆಂಬರ್ 2, ಸಕಲ ಮೃತರ ಸ್ಮರಣೆ. ವಿನೋಬನಗರದ ನಾವೂ ಹೂವು, ಮೇಣದಬತ್ತಿ ಹಿಡಿದು ನಮ್ಮವರ ಸಮಾಧಿಗಳಿಗೆ ಹೋಗುತ್ತೇವೆ. ಇದು ಎಷ್ಟು ಹಳೆಯ ರೂಢಿ?

ನಮ್ಮ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಿಲಸ್ಕಲ್‌ನಲ್ಲಿ ಬೃಹತ್ ಶಿಲಾಯುಗದವರು ನೆಟ್ಟ ನಿಲುಗಲ್ಲುಗಳಿವೆ. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ ಗುಡ್ಡದಲ್ಲಿ ಅದೇ ಯುಗದವರು ಸತ್ತವರಿಗಾಗಿ ಕಟ್ಟಿದ ನೂರಾರು ಕಲ್ಲುಮನೆಗಳಿವೆ. ಇವೆಲ್ಲ ನಿನ್ನೆ ಮೊನ್ನೆಯವು ಅನ್ನಿ. ಯೇಸುಸ್ವಾಮಿ ಬೆಳೆದ ನಜರೇತಿನ ಪಕ್ಕದ ಕಾಫ್ಜೆ ಗುಹೆಯಲ್ಲಿ ಸುಮಾರು 90,000 ವರ್ಷಗಳ ಹಿಂದಿನ ಒಂದು ಗುಂಡಿ ಸಿಕ್ಕಿದೆ. ಅದರಲ್ಲಿ ಹನ್ನೆರಡು ಹದಿಮೂರರ ಒಂದು ಮಗು, ಅದರ ಎದೆಯ ಬಳಿ ಜಿಂಕೆಯ ಕೊಂಬು. ಯಾರೋ ಇಟ್ಟದ್ದು.

"ಫಾದರ್, ಹಾಗಾದರೆ ಆದಾಮ?" ಧರ್ಮೋಪದೇಶ ತರಗತಿಯ ಮಕ್ಕಳು ಬಿಡುವುದಿಲ್ಲ. ಬಿಡಲೂಬಾರದು.

ಆದಿಕಾಂಡ ಕ್ಯಾಲೆಂಡರಲ್ಲ. ಮನುಷ್ಯ ಮಣ್ಣಿನವನು, ಅವನ ಉಸಿರು ದೇವರದು ಎಂದು ಅದರ ಎರಡನೇ ಅಧ್ಯಾಯ ಕಥೆಯ ರೂಪದಲ್ಲಿ ಹೇಳುತ್ತದೆ. 1950ರಲ್ಲಿ ಜಗದ್ಗುರು 12ನೇ ಪಿಯುಸರು ಶರೀರದ ವಿಕಾಸವನ್ನು ವಿದ್ವಾಂಸರು ಶೋಧಿಸಲಿ, ಆತ್ಮವನ್ನು ಮಾತ್ರ ದೇವರೇ ನೇರವಾಗಿ ಸೃಷ್ಟಿಸುತ್ತಾರೆ ಎಂದರು. ಆದರೆ ಆದಿಪಿತ ಒಬ್ಬನೇ ಎಂಬುದನ್ನು ಅವರು ಬಿಟ್ಟುಕೊಡಲಿಲ್ಲ. ಆ ಗಂಟನ್ನು ದೈವಶಾಸ್ತ್ರಜ್ಞರು ಇನ್ನೂ ಬಿಡಿಸುತ್ತಿದ್ದಾರೆ, ಮಕ್ಕಳಿಂದ ಮುಚ್ಚಿಡಬೇಕಿಲ್ಲ.

ಆ ಕೊಂಬನ್ನಿಟ್ಟವರು ಏನೆಂದು ಪ್ರಾರ್ಥಿಸಿದರೋ, ಮೂಳೆ ಹೇಳುವುದಿಲ್ಲ. ಆದರೆ ಸತ್ತ ಮಗುವನ್ನು ಬರಿಗೈಯಲ್ಲಿ ಕಳುಹಿಸಲಾರದವರಲ್ಲಿ ಆ ಉಸಿರು ಇರಲಿಲ್ಲವೆಂದು ನಾವು ಹೇಗೆ ಹೇಳೋಣ? ಬಲಿಪೂಜೆಯ ನಾಲ್ಕನೇ ಪರಮಪ್ರಸಾದ ಪ್ರಾರ್ಥನೆಯಲ್ಲಿ, ಯಾರ ವಿಶ್ವಾಸವನ್ನು ದೇವರೊಬ್ಬರೇ ಬಲ್ಲರೋ ಆ ಮೃತರಿಗಾಗಿಯೂ ನಾವು ಬೇಡುತ್ತೇವೆ.