ಥಲ್ ಸೈನಿಕ್‌ಗೆ ಮಳೆಯಲ್ಲೇ ತಾಲೀಮು

ಬಿ.ಸಿ.ರೋಡ್ ಎಂದರೆ ಬಂಟ್ವಾಳ ಕ್ರಾಸ್ ರೋಡ್. ಮಂಗಳೂರು-ಬೆಂಗಳೂರು ಹೆದ್ದಾರಿ ಬಿಟ್ಟು ಬೆಳ್ತಂಗಡಿ, ಉಜಿರೆ ಕಡೆಗೆ ಹೋಗುವವರು ತಿರುಗುವುದು ಇಲ್ಲಿಯೇ. ಆಷಾಢದ ಬೆಳಗಿನಲ್ಲಿ ಇಲ್ಲಿ ಬಸ್ಸಿಗೆ ಕಾಯುವ ಕಾಲೇಜು ಹುಡುಗ ಹುಡುಗಿಯರ ನಡುವೆ ಎನ್‌ಸಿಸಿ ಕೆಡೆಟ್‌ಗಳನ್ನು ಗುರುತಿಸುವುದು ಸುಲಭ. ಕೊಡೆ ಇದ್ದರೂ ಅವರಿಗೆ ಬೂಟಿನದೇ ಚಿಂತೆ!

ಈ ಮಳೆಯೇ ಕರಾವಳಿಯ ಕೆಡೆಟ್‌ಗಳ ಮೊದಲ ಎದುರಾಳಿ. ಭೂದಳದ ಕೆಡೆಟ್‌ಗಳು ಕನಸು ಕಾಣುವ ‘ಥಲ್ ಸೈನಿಕ್ ಕ್ಯಾಂಪ್’ ದೆಹಲಿಯಲ್ಲಿ ನಡೆಯುವುದು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ. ಅದಕ್ಕೆ ಆಯ್ಕೆ, ತಾಲೀಮು ಎಲ್ಲ ಹಿಂದಿನ ತಿಂಗಳುಗಳಲ್ಲಿ. ಎಂದರೆ ನಮ್ಮಲ್ಲಿ ಮುರಕಲ್ಲಿನ ಮೇಲೆ ಪಾಚಿ ಕಟ್ಟುವ ಕಾಲದಲ್ಲಿ. ಆಗಲೇ ಆರಡಿ ಗೋಡೆ ಹತ್ತಿ ಹಾರಬೇಕು, ಅಂಕುಡೊಂಕು ಹಲಗೆಯ ಮೇಲೆ ಓಡಬೇಕು, ಜೋಡಿ ಹಳ್ಳ ದಾಟಬೇಕು.

ಆದರೆ ತೋಳ್ಬಲವೊಂದೇ ಸಾಲದು. ಗುರಿ ಹೊಡೆಯುವುದು, ಡೇರೆ ಹೂಡುವುದು, ಆರೋಗ್ಯ-ನೈರ್ಮಲ್ಯದ ಪರೀಕ್ಷೆ, ನಕಾಶೆ ಓದುವುದು ಎಲ್ಲಕ್ಕೂ ಅಂಕಗಳಿವೆ. ನಕಾಶೆಯಲ್ಲಿ ಉತ್ತರ ದಿಕ್ಕು ಒಂದಲ್ಲ, ಮೂರು: ನಿಜವಾದ ಉತ್ತರ, ಕಾಂತೀಯ ಉತ್ತರ, ನಕಾಶೆಯ ಗೆರೆಗಳ ಉತ್ತರ. ಇವುಗಳ ವ್ಯತ್ಯಾಸ ಮರೆತರೆ ದಿಕ್ಸೂಚಿ ಕೈಯಲ್ಲಿದ್ದೂ ದಾರಿ ತಪ್ಪಿದಂತೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಸ್ವಾರಸ್ಯವಾದದ್ದು ದೂರ ಅಂದಾಜಿಸುವ ಸ್ಪರ್ಧೆ. ಟೇಪು ಇಲ್ಲ, ಬರೀ ಕಣ್ಣು. ಆ ಕಣ್ಣು ಮೋಸ ಮಾಡುತ್ತದೆ! ಸೂರ್ಯ ಬೆನ್ನ ಹಿಂದಿದ್ದರೆ ವಸ್ತು ಹತ್ತಿರ ಕಾಣುತ್ತದೆ, ಎದುರಿದ್ದರೆ ದೂರ. ಮಲಗಿ ನೋಡಿದರೂ ದೂರ. ಅಡಕೆ ತೋಟದ ಕಾಲುದಾರಿಯಂಥ ಇಕ್ಕಟ್ಟಿನ ದಾರಿಯಲ್ಲಿ ನೋಡಿದರೂ ಹಾಗೆಯೇ. ಗುಡ್ಡ, ತೋಟಗಳ ನಡುವೆ ಬೆಳೆದ ನಮ್ಮ ಮಕ್ಕಳಿಗೆ ದೆಹಲಿಯ ಬಯಲು ಹೊಸತು.

ಇದಕ್ಕೂ ಉಪಾಯಗಳಿವೆ. ಹೆಚ್ಚೆಂದರೆ ಸಾವಿರ, ಕಡಿಮೆಯೆಂದರೆ ಆರು ನೂರು ಎನಿಸಿದರೆ ಎಂಟು ನೂರು ಎನ್ನುವುದು. ಅರ್ಧ ದೂರ ಊಹಿಸಿ ಇಮ್ಮಡಿಸುವುದು ಇನ್ನೊಂದು. ಇಲ್ಲಿ ತಪ್ಪೂ ಇಮ್ಮಡಿಯಾಗುತ್ತದೆಂಬುದನ್ನು ಮರೆಯಬಾರದು. ತಂಡದವರೆಲ್ಲರ ಊಹೆ ಕೂಡಿಸಿ ಸರಾಸರಿ ತೆಗೆಯುವುದು ಮತ್ತೊಂದು. ಒಬ್ಬನ ಕಣ್ಣು ತಪ್ಪಿದ್ದನ್ನು ಇನ್ನೊಬ್ಬನ ಕಣ್ಣು ಸರಿದೂಗಿಸೀತು. ಗೋಡೆ ಹಾರುವಾಗ ಈ ಸೌಲಭ್ಯವಿಲ್ಲ. ಅಲ್ಲಿ ಒಬ್ಬ ಜಾರಿದರೆ ಇಡೀ ತಂಡದ ಅಂಕ ಜಾರುತ್ತದೆ.

ಅಲ್ಲಿಯವರೆಗೆ ಹೋಗುವುದೇ ದೊಡ್ಡ ಮಾತು. ಮೊದಲು ತಮ್ಮ ಬೆಟಾಲಿಯನ್, ಅನಂತರ ಮಂಗಳೂರು ಗ್ರೂಪ್, ಆಮೇಲೆ ಬೆಂಗಳೂರಿನ ಎರಡು ಗ್ರೂಪ್‌ಗಳು, ಮೈಸೂರು, ಬೆಳಗಾವಿ, ಬಳ್ಳಾರಿಯವರೊಡನೆ ಸೆಣಸಾಟ. ಗೆದ್ದವರು ಕರ್ನಾಟಕ-ಗೋವಾ ನಿರ್ದೇಶನಾಲಯದ ತಂಡದಲ್ಲಿ ದೆಹಲಿಗೆ. ಅಲ್ಲಿ ಎದುರಾಗುವವು ಇನ್ನೂ ಹದಿನಾರು ನಿರ್ದೇಶನಾಲಯಗಳು. ಸ್ಪರ್ಧೆ ನಡೆಯುವುದು ದೆಹಲಿ ಕಂಟೋನ್ಮೆಂಟಿನ ಕಾರಿಯಪ್ಪ ಪೆರೇಡ್ ಮೈದಾನದಲ್ಲಿ. 1949ರ ಜನವರಿ 15ರಂದು ಸೇನೆಯ ಮೊದಲ ಭಾರತೀಯ ದಂಡನಾಯಕರಾದ ನಮ್ಮ ಕೊಡಗಿನ ಕಾರಿಯಪ್ಪನವರ ಹೆಸರು ಅದಕ್ಕೆ.

ಪದವಿ ಓದು ಮುಗಿಯುವುದರೊಳಗೆ ಕೆಡೆಟ್‌ಗೆ ಸಿಗುವ ಮಳೆಗಾಲಗಳು ಹೆಚ್ಚಿಲ್ಲ. ಮೊದಲನೆಯದು ಕಲಿಯುವುದರಲ್ಲೇ ಕಳೆಯುತ್ತದೆ, ಕೊನೆಯದನ್ನು ಪರೀಕ್ಷೆಯ ಹೆದರಿಕೆ ನುಂಗುತ್ತದೆ. ಆಯ್ಕೆ ಶಿಬಿರದಿಂದ ಹೆಸರಿಲ್ಲದೆ ಮರಳಿದವರೂ ಇದೇ ಬಸ್ ನಿಲ್ದಾಣದಲ್ಲಿ ಇಳಿದು ಊರಿನ ಬಸ್ಸಿಗೆ ಕಾಯುತ್ತಾರೆ, ಒದ್ದೆ ಬೂಟನ್ನು ಚೀಲದಲ್ಲಿ ತುರುಕಿಕೊಂಡು.